ಲೇತಿನ ನಾಯಿ

ಕಾರ್ಖಾನೆಯ ಗೋಡೆಯ ಮೇಲೆ ಹೊಸ ಎಚ್ಚರಿಕೆಯ ಹಲಗೆ ಬಂದಿತ್ತು: 'ನಾಯಿ ತಿರುಗುತ್ತಿರುವಾಗ ತೋಳನ್ನು ದೂರವಿಡಿ.' ಅದನ್ನು ಓದಿದ ಅಲ್ಲಿನ ಅನುವಾದಕಿಗೆ ಮೈಯೆಲ್ಲ ಉರಿದುಹೋಯಿತು. ಅವಳನ್ನು ಒಂದು ಮಾತೂ ಕೇಳದೆ ಮ್ಯಾನೇಜರ್ ಕಂಪ್ಯೂಟರಿನಿಂದ ಮಾಡಿಸಿದ ಅನುವಾದ ಅದು. ಲೋಹ ಕಡೆಯುವ ಲೇತಿನಲ್ಲಿ ಸರಳನ್ನು ಕಚ್ಚಿ ಹಿಡಿದು ಅದರ ಜೊತೆಗೇ ಗಿರಗಿರ ತಿರುಗುವ ಕಬ್ಬಿಣದ ಹಿಡಿಗೆ ಇಂಗ್ಲಿಷಿನವರು 'ಡಾಗ್' ಎಂದು ಹೆಸರಿಟ್ಟು ಕೂತಿದ್ದಾರೆ. ಅದರಿಂದ ಹೊರಚಾಚಿದ ಸ್ಕ್ರೂಗೆ ಅಂಗಿಯ ತೋಳು ಸಿಕ್ಕರೆ ಕೈಯೇ ಹೋಗುತ್ತದೆ. ಮೂರನೆಯ ಲೇತಿನ ಮುಂದೆ ನಿಲ್ಲುವವನು ಅವಳ ಗಂಡ. ತುಂಬುತೋಳು ಮಡಿಸಿ ಗೊತ್ತಿಲ್ಲದ ಆಸಾಮಿ.

"ಸಾರ್, ಇದು ಬೊಗಳೋ ನಾಯಿ ಅಲ್ಲ."

"ಡಿಕ್ಷನರೀಲಿ ನಾಯಿ ಅಂತಾನೇ ಇದೆಯಲ್ಲಮ್ಮ," ಎಂದರು ಮ್ಯಾನೇಜರ್, ತಲೆ ಎತ್ತದೆ.

"ಅದು ಮೊದಲನೇ ಅರ್ಥ. ಕೆಳಗೆ ನೋಡಿ. ಬೆನ್ನು ಹತ್ತೋದು, ಸೌದೆ ಇಡೋ ಕಂಬಿ, ಕಚ್ಚಿ ಹಿಡಿಯೋ ಕೊಂಡಿ..."

"ಒಂದು ನಾಯಿಗೆ ಇಷ್ಟೆಲ್ಲ ಎಲ್ಲಿಂದ ಬಂತು?"

"ಆ ಪದಾನೇ ಎಲ್ಲಿಂದ ಬಂತು ಅಂತ ಅವರಿಗೇ ಗೊತ್ತಿಲ್ಲ ಸಾರ್! ಹಿಂದೆ 'ಹುಂಡ್' ಅಂತಿದ್ರು. ಈ 'ಡಾಗ್' ಎಲ್ಲಿಂದ ನುಗ್ಗಿತೋ, 'ಮೂಲ ತಿಳಿಯದು' ಅಂತ ಬರೆದು ಕೈ ತೊಳ್ಕೊಂಡಿದ್ದಾರೆ."

"ಮೂಲಾನೇ ಗೊತ್ತಿಲ್ಲದ ಮೇಲೆ ನಂದು ತಪ್ಪು ಅಂತ ಹೇಗೆ ಹೇಳ್ತೀರಿ? ಹೋಗಿ, ಕೆಲಸ ನೋಡಿ."

ಇಂಥವರ ಹತ್ತಿರ ವಾದ ಮಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ವಾಸಿ. ಅವಳು ಗಂಡನ ಹತ್ತಿರವೇ ಓಡಿದಳು. ಅಲ್ಲಿ ಲೇತ್ ನಡೆಸುವ ಟರ್ನರುಗಳೆಲ್ಲ ಹಲಗೆ ನೋಡಿಕೊಂಡು ಬೌ ಬೌ ಎನ್ನುತ್ತಿದ್ದರು. ದಿನವಿಡೀ 'ಡಾಗು, ಡಾಗು' ಎನ್ನುವ ಬಾಯಿಗಳಿಗೆ ಆ ನಾಯಿ ಇದೇ ಎಂದು ಹೊಳೆದೇ ಇರಲಿಲ್ಲ. ಎಲ್ಲರಿಗಿಂತ ಜೋರಾಗಿ ಬೊಗಳುತ್ತಿದ್ದವನು ಗಂಡನೇ.

"ರೀ, ನಗಬೇಡಿ! ಅದು ನಿಮ್ಮ ಡಾಗು ಕಣ್ರೀ!"

"ಏನೇ ಅದು?" ಎಂದು ಅವನು ಇತ್ತ ತಿರುಗಿದ.

ಪರ್ರನೆ ಸದ್ದಾಯಿತು. ತಿರುಗುತ್ತಿದ್ದ ಡಾಗಿನ ಸ್ಕ್ರೂಗೆ ಸಿಕ್ಕಿ ಅಂಗಿಯ ತೋಳು ಭುಜದವರೆಗೂ ಹರಿದುಹೋಯಿತು. ಪಕ್ಕದವನು ತಟ್ಟನೆ ಸ್ವಿಚ್ಚು ಆರಿಸಿದ್ದರಿಂದ ಕೈ ಉಳಿಯಿತು, ಮಣಿಕಟ್ಟಿನ ಚರ್ಮ ಮಾತ್ರ ಸುಲಿದು ಬಂತು. ತಾನು ಕೂಗಿದ್ದಕ್ಕೇ ತಿರುಗಿದನಲ್ಲ ಎಂದುಕೊಳ್ಳುತ್ತ ಅವಳು ಸೆರಗಿನಿಂದ ಅವನ ಮಣಿಕಟ್ಟು ಸುತ್ತಿದಳು.

ಹಲಗೆಯ ಮರ್ಯಾದೆ ಉಳಿಸಲೋ ಎಂಬಂತೆ ಮ್ಯಾನೇಜರ್ ಅಪಘಾತದ ಫಾರಮ್ಮಿನಲ್ಲೂ ಬರೆದುಕೊಟ್ಟರು: 'ಗಾಯಕ್ಕೆ ಕಾರಣ: ನಾಯಿ.'

ಆಸ್ಪತ್ರೆಯ ನರ್ಸ್ ಅದನ್ನು ಓದಿದಳು, ಗಾಯದ ಕಡೆ ಅರೆಕ್ಷಣ ನೋಡಿದಳು, ಇಂಜೆಕ್ಷನ್ ಸೀಸೆ ಎತ್ತಿಕೊಂಡಳು.

"ಸಾಕಿದ ನಾಯೀನಾ, ಬೀದಿ ನಾಯೀನಾ?"

"ಸಾಕಿದ್ದೇ ಸಿಸ್ಟರ್, ಆಫೀಸಿನವರು," ಎಂದು ಅನುವಾದಕಿ ಗಂಡನ ಇನ್ನೊಂದು ಕೈ ಹಿಡಿದುಕೊಂಡು ಅಳತೊಡಗಿದಳು.