ಯಾವ ನೀರಿನ ಏಡಿ

ನನ್ನ ಮಗಳು ರಾಜಮತಿ ಕಾರವಾರದಲ್ಲಿ ಏಡಿಗಳ ಜಗಳ ಮತ್ತು ಸಂಸಾರದ ಬಗ್ಗೆ ಓದುತ್ತಿದ್ದಳು. ಐಗಳಿಯಲ್ಲಿ ಯಾರಾದರೂ ಕೇಳಿದರೆ "ಸೈನ್ಸ್ ಓದತಾಳ್ರಿ" ಎಂದು ಅಲ್ಲಿಗೇ ಮಾತು ಮುಗಿಸುತ್ತಿದ್ದೆ. ದಿನಾ ಬಸದಿಗೆ ಹೋಗುವ ಜೈನರ ಮನೆಯ ಹುಡುಗಿ ಏಡಿ ಹಿಡಿಯುತ್ತಾಳೆ ಎಂದು ಯಾವ ಬಾಯಿಂದ ಹೇಳಲಿ?

ತೊಂಬತ್ತೊಂದರಲ್ಲಿ ಭಾದ್ರಪದದ ದಶಲಕ್ಷಣ ಪರ್ವಕ್ಕೆ ಬರುವಾಗ ಅವಳು ಏಡಿಗಳನ್ನೂ ಕರೆದುಕೊಂಡೇ ಬಂದಳು. ಬಿಟ್ಟು ಬಂದರೆ ನೋಡುವವರಿಲ್ಲವಂತೆ. ಒಂದು ಪ್ಲಾಸ್ಟಿಕ್ ಟಬ್ಬಿನ ತುಂಬ ಕೆಸರು, ಜೊತೆಗೊಂದು ಕ್ಯಾನಿನಲ್ಲಿ ಸಮುದ್ರದ ನೀರು. ನಾನು ಮೊದಲು ಮುಖ ಗಂಟಿಕ್ಕಿದೆ. ಆಮೇಲೆ ದ್ರಾಕ್ಷಿ ತೋಟವನ್ನೂ ಮರೆತು ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂರತೊಡಗಿದೆ. ಗಂಡು ಏಡಿಗೆ ಒಂದು ಕೈ ಮಾತ್ರ ಮೈಯಷ್ಟೇ ದೊಡ್ಡದು. ಅದನ್ನು ಎತ್ತಿ ಎತ್ತಿ ಬೀಸಿ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಬಿಲ ನೋಡುತ್ತದೆ. ಹಿಡಿಸಿದರೆ ಒಳಗೆ, ಇಲ್ಲವಾದರೆ ಮುಂದಿನ ಮನೆ. ಗಂಡುಗಳಿಗೆ ಬಿಲಕ್ಕಾಗಿ ದಿನವಿಡೀ ಹೊಡೆದಾಟ.

"ಜಗಳದಾಗ ಕೈ ಮುರದ್ರ ಹೊಸಾದು ಬರತೈತಿ ಅಪ್ಪಾ. ನೋಡಾಕ ಅಷ್ಟ ದೊಡ್ಡದು, ಆದ್ರ ಒಳಗ ಕಸುವಿಲ್ಲ. ಉಳದವಕ್ಕ ಅದು ಗೊತ್ತಾಗಂಗಿಲ್ಲ, ಹೆದರಿ ಓಡತಾವ" ಎಂದಳು.

"ನಮ್ಮ ಪಂಚಾಯ್ತಿ ಮೆಂಬರಗತೆ ಅನ್ನು" ಎಂದೆ.

ಯಾವುದು ಗೆಲ್ಲುತ್ತದೆ ಎಂದು ನೋಡಲು ಅವಳು ಎರಡು ಗಂಡುಗಳನ್ನು ಹಿಡಿದು ಒಂದೇ ಬಿಲದ ಬಾಯಿಗೆ ಬಿಡುತ್ತಿದ್ದಳು. ನನ್ನ ಹೆಂಡತಿ ಕಮಲಾಬಾಯಿಗೆ ಇದನ್ನು ಸಹಿಸಲಾಗಲಿಲ್ಲ. ಆ ವರ್ಷ ಅವಳು ಪರ್ವದ ಹತ್ತೂ ದಿನ ಬರೀ ನೀರಿನ ಮೇಲೆ ಉಪವಾಸ ಹಿಡಿದಿದ್ದಳು. ಕೊನೆಕೊನೆಗೆ ಗೋಡೆ ಹಿಡಿದು ನಡೆಯುವಂತಾಗಿದ್ದಳು.

"ಪರ್ವದಾಗ ಮನ್ಯಾಗ ಕುಂತು ಜೀವಕ್ಕ ಜೀವ ಜಗಳಾ ಹಚ್ಚತೀಯೇನಬೇ?"

"ನಾ ಹಚ್ಚದಿದ್ರೂ ಅವು ಜಗಳಾಡತಾವವ್ವಾ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಉಪವಾಸ ಬಿಡುವ ದಿನ ನಮ್ಮಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ. ಆ ಬೆಳಗ್ಗೆ ಟಬ್ಬು ಬರಿದಾಗಿತ್ತು. ಕಮಲಾ ಮಗಳ ಕೈ ಹಿಡಿದುಕೊಂಡಳು.

"ನಿನ್ನಿ ಸಂಜೀಕ ನಾನ ಅವನ್ನ ಹಿತ್ತಲ ಬಾವ್ಯಾಗ ಬಿಟ್ಟೀನಿ. ಅವುಗಳ ಜೀವ ಉಳೀತು, ನಿನ್ನ ಓದು ಕೆಟ್ಟಿತು. ಕ್ಷಮಾ ಮಾಡ ಯವ್ವಾ."

ರಾಜಮತಿಯ ಮುಖ ಕೆಂಪಾಯಿತು. ಸಿಹಿನೀರಿನಲ್ಲಿ ಈ ಏಡಿಗಳು ಹೆಚ್ಚು ದಿನ ಬದುಕುವುದಿಲ್ಲ ಎಂದು ಅವಳು ನನಗೆ ಹೇಳಿದ್ದಳು. ನಾನು ಕಣ್ಣಲ್ಲೇ ಬೇಡಿಕೊಂಡೆ. ಇವತ್ತು ಹೊಟ್ಟೆಗೆ ಏನಾದರೂ ಹೋಗದಿದ್ದರೆ ಕಷ್ಟ ಎಂದು ಡಾಕ್ಟರು ಹಿಂದಿನ ದಿನವೇ ಎಚ್ಚರಿಸಿದ್ದರು. ಮಗಳು ಹಲ್ಲು ಕಚ್ಚಿದಳು.

"ಆತ ಬಿಡವ್ವಾ. ಚಲೋನ ಮಾಡಿದಿ."

ನನ್ನಕ್ಕ ಕಾಶಿಬಾಯಿ ಉಪವಾಸ ಬಿಡಿಸಲು ಬಂದಿದ್ದಳು. ಹೆಸರುಬೇಳೆಯ ಕಟ್ಟನ್ನು ಆರಿಸಿ ಬಟ್ಟಲಿಗೆ ಹಾಕಿ ಕಮಲಾಳ ಕೈಗಿತ್ತಳು. ಆಮೇಲೆ ನೀರು ಸೋಸಿದ ಬಟ್ಟೆ ಎತ್ತಿಕೊಂಡು, "ಇದು ಹಿತ್ತಲ ಬಾವಿ ನೀರೋ, ತೋಟದ ಬಾವೀದೋ?" ಎಂದು ಕೇಳಿದಳು. ಸೋಸುವಾಗ ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ನಾವು ತೊಳೆದು ಅವು ಬಂದ ಬಾವಿಗೇ ಮುಟ್ಟಿಸುತ್ತೇವೆ. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಸಾಯುತ್ತದೆ. ಈ ನೇಮವನ್ನು ಕಮಲಾ ಜ್ವರ ಬಂದಾಗಲೂ ತಪ್ಪಿಸಿದವಳಲ್ಲ.

ತುಟಿಗೆ ತಂದ ಬಟ್ಟಲು ಅಲ್ಲೇ ನಿಂತಿತು.

"ರಾಜೀ, ಆ ಏಡಿ ಯಾವ ನೀರಿನವು?"

ಮಗಳು ನನ್ನನ್ನು ನೋಡಿದಳು.

"ಉಪ್ಪ ನೀರಿನವು ಅವ್ವಾ."

ಕಮಲಾ ಬಟ್ಟಲನ್ನು ಕೆಳಗಿಟ್ಟಳು. "ಅವು ಸಮುದ್ರಕ್ಕ ಮುಟ್ಟೂತನಕ ನನಗ ಏನೂ ಬ್ಯಾಡ."

ನನಗೆ ಸಿಟ್ಟು ನೆತ್ತಿಗೇರಿತು. ಏಡಿಗಳ ಮೇಲೆ, ಮಗಳ ಓದಿನ ಮೇಲೆ, ದೇವರ ಮೇಲೂ ಸಿಟ್ಟು ಬಂತು. ಕೂಗಾಡಿದೆ, ಕೈಮುಗಿದೆ. ಅಕ್ಕ ಅತ್ತಳು. ಕಮಲಾ ಮಾತ್ರ ಜಗ್ಗಲಿಲ್ಲ. ಅಷ್ಟರಲ್ಲಿ ರಾಜಮತಿ ಬಾವಿಯ ಮೆಟ್ಟಿಲಿಳಿದು ಕಲ್ಲುಸಂದಿಗಳಲ್ಲಿ ಕೈಯಾಡಿಸುತ್ತಿದ್ದಳು. ಕೆಲವು ಸಿಕ್ಕವು, ಕೆಲವು ಸಿಗಲಿಲ್ಲ. ಸಿಕ್ಕವನ್ನು ಟಬ್ಬಿಗೆ ಹಾಕಿಕೊಂಡು ಬೆಳಗಾವಿ ಬಸ್ಸು ಹತ್ತಿದಳು.

"ಬಿಟ್ಟ ಕೂಡ್ಲೆ ಫೋನ್ ಮಾಡತೀನ್ರಿ ಅಪ್ಪಾ."

ಬೆಳಗಾವಿಯಲ್ಲಿ ಬಸ್ಸು ಬದಲಿಸಿ ಕಾರವಾರ ಮುಟ್ಟುವಷ್ಟರಲ್ಲಿ ರಾತ್ರಿಯಾಗುತ್ತದೆ. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವವರಲ್ಲ. ಅಂದರೆ ಕಮಲಾ ಇನ್ನೊಂದು ರಾತ್ರಿ ಹಾಗೇ ಇರಬೇಕು. ಮಧ್ಯಾಹ್ನದ ಹೊತ್ತಿಗೆ ಅವಳ ಮಾತು ತೊದಲತೊಡಗಿತು. ಕೈ ಮುಟ್ಟಿದರೆ ತಣ್ಣಗಿತ್ತು. ಇವಳು ಉಳಿಯುವುದಿಲ್ಲ ಎಂದು ನನಗೆ ನಿಜಕ್ಕೂ ಭಯವಾಯಿತು.

ಬಿಸಿಲು ಇಳಿಯುತ್ತಿದ್ದಾಗ ಔಷಧಿ ಅಂಗಡಿಯ ದಶರಥ ಬಾಗಿಲಿಗೆ ಬಂದ. "ಕಾಕಾ, ನಿಮ್ಮ ರಾಜಕ್ಕನ ಫೋನ್ ಐತ್ರಿ, ಲಗೂ ಬರ್ರಿ."

ಓಡಿದೆ.

"ಅಪ್ಪಾ, ಸಮುದ್ರಕ್ಕ ಬಿಟ್ಟೆ. ಹೊತ್ತು ಮುಳಗೂದ್ರಾಗ ಅವ್ವಗ ಹೇಳ್ರಿ."

ಅವಳ ಹಿಂದೆ ಕಂಡಕ್ಟರ್ ಒಬ್ಬ "ನಿಪ್ಪಾಣಿ, ಕೊಲ್ಲಾಪುರ, ಕೊಲ್ಲಾಪುರ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಅದು ಬೆಳಗಾವಿ ಸ್ಟ್ಯಾಂಡು. ಅಲ್ಲಿಂದ ಸಮುದ್ರ ಇನ್ನೂ ಘಟ್ಟ ಇಳಿದ ಮೇಲೆ. ಏಡಿಗಳು ದಾರಿಯಲ್ಲೇ ಸತ್ತವೋ, ಅವ್ವನನ್ನು ನೆನೆದು ಮಗಳೇ ಸೋತಳೋ, ನಾನು ಕೇಳಲಿಲ್ಲ.

"ಆತವ್ವಾ, ಹೇಳತೀನಿ" ಎಂದು ಫೋನ್ ಇಟ್ಟೆ.

ಮನೆಗೆ ಬಂದು "ಬಿಟ್ಟಾಳಂತ" ಎಂದೆ. ಅಕ್ಕ ಕಮಲಾಳನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಬಟ್ಟಲು ಕೊಟ್ಟಳು. ಕಮಲಾ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡಿದಳು. ಲಗ್ನವಾದಾಗಿನಿಂದ ನಾನು ಅವಳೊಂದಿಗೆ ಜಗಳಾಡಿದ್ದೇನೆ, ಮುನಿಸಿಕೊಂಡಿದ್ದೇನೆ, ಸುಳ್ಳು ಮಾತ್ರ ಹೇಳಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಫೋನಿನ್ಯಾಗ ಸಮುದ್ರದ ಸಪ್ಪಳ ಕೇಳಿಸ್ತೇನ್ರಿ?"

"ಕೇಳಿಸ್ತು" ಎಂದೆ.

ಅವಳು ಕುಡಿದಳು.