ಈ ಸಲ ಬರಬ್ಬ ನಾನು

ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷ, ಶುಭ ಶುಕ್ರವಾರ, ಯೇಸುವಿನ ಶಿಲುಬೆಯ ನಾಟಕ, ನನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದ್ದಾರೆ. ಹಗ್ಗ ನೀಲಿ ನೈಲಾನಿನದು, ಎಮ್ಮೆ ಕಟ್ಟುವಂಥದು, ರೋಮನ್ನರ ಕಾಲದಲ್ಲಿ ನೈಲಾನು ಇರಲಿಲ್ಲ ಎಂದರೆ ಸಿಪಾಯಿ ವೇಷದ ಕುನಾಲ, ಅಣ್ಣಾ, ಅವರ ಕಡೆ ಮೈಕೂ ಇರಲಿಲ್ಲ, ಸುಮ್ನ ನಿಂದ್ರು ಅಂದ, ನಗು ಬಂತು, ಬಂದದ್ದು ಒಳ್ಳೆಯದೇ ಆಯಿತು, ಪರದೆ ಸರಿದರೆ ಎದುರಿಗಿರುವುದು ಇಡೀ ಸಭೆ, ಎಂಟು ವರ್ಷ ಐದು ತಿಂಗಳಿನಿಂದ ನನ್ನ ಹೆಸರನ್ನು ಬಾಯಿಗೆ ತರದ ಸಭೆ — ಭೋಜ ರಸ್ತೆಯ ಈ ಸಣ್ಣ ಚರ್ಚಿನ ಅಂಗಳದಲ್ಲಿ ಸುಮಾರು ಇನ್ನೂರ ನಲವತ್ತು ಜನ, ಬೆಳಿಗ್ಗೆ ಕುರ್ಚಿ ಹಾಕಿದವನು ನಾನೇ, ಮೂರನೆಯ ಸಾಲಿನ ತುದಿಯಲ್ಲಿ ನನ್ನ ಅವ್ವ ದ್ರೌಪದಿ. 2016ರ ನವೆಂಬರಿನಲ್ಲಿ ಯಾರೂ ಕೈ ಕಟ್ಟಿರಲಿಲ್ಲ, ಪೇದೆಯೊಬ್ಬ ನನ್ನ ಕಿರುಬೆರಳನ್ನಷ್ಟೇ ಹಿಡಿದು ಜೀಪಿನವರೆಗೆ ನಡೆಸಿದ, ಸಂತೆಯಲ್ಲಿ ಮಗುವನ್ನು ನಡೆಸುವ ಹಾಗೆ, ಹಿಂದೆ ಸುರಜ, ಅವನದೂ ಕಿರುಬೆರಳು, ಚಿಕ್ಕೋಡಿಯ ಆ ಬಾಡಿಗೆ ಕೋಣೆಯ ಮಾಲೀಕ ಗೇಟಿನಲ್ಲಿ ನಿಂತು, ಗಂಡಸು ಗಂಡಸು ಸಂಸಾರ ಮಾಡಾಕತ್ತಾರ್ರಿ ಸಾಹೇಬ್ರ ಅನ್ನುತ್ತಿದ್ದ. ಕಲಂ 377. ಹತ್ತೊಂಬತ್ತು ದಿನ ಒಳಗೆ. ಪತ್ರಿಕೆಯಲ್ಲಿ ನಾಲ್ಕು ಸಾಲು, ನನ್ನ ವಯಸ್ಸು ಮೂವತ್ತೊಂದು ಎಂದು ಅಚ್ಚಾಗಿತ್ತು, ನನಗೆ ಇಪ್ಪತ್ತೊಂಬತ್ತು, ಹೆಸರು ಮಾತ್ರ ಸರಿಯಾಗಿತ್ತು, ವಿಶ್ವಾಸ ರಾಜಾರಾಮ ಎಂದು, ಸತ್ತ ಅಪ್ಪನನ್ನೂ ಸೇರಿಸಿ. 2018ರ ಸೆಪ್ಟೆಂಬರ್ 6ರಂದು ಇದು ಅಪರಾಧವಲ್ಲ ಎಂದು ದಿಲ್ಲಿಯ ತೀರ್ಪು ಬಂತು, 2019ರ ಫೆಬ್ರವರಿ 11, ಸೋಮವಾರ, ನಮ್ಮ ಕೇಸು ಬಿದ್ದುಹೋಯಿತು, ನಮ್ಮ ವಕೀಲ ಸನ್ಮತಿ ಎರಡು ಹಾಳೆ ಕೊಟ್ಟರು, ನ್ಯಾಯಾಧೀಶರು ಓದಿದರು, ತಲೆ ಎತ್ತದೆ ಬರೆದರು, ಎಲ್ಲ ಸೇರಿ ನಾಲ್ಕು ನಿಮಿಷ. ಸಿನಿಮಾದಲ್ಲಿ ಹಾಗಲ್ಲ, ಸಿನಿಮಾದ ಕೋರ್ಟಿನಲ್ಲಿ ಸಂಗೀತ ಏಳುತ್ತದೆ, ತಾಯಿ ಓಡಿ ಬರುತ್ತಾಳೆ, ಮದುವೆ ವಿಡಿಯೋ ಕತ್ತರಿಸಿ ಜೋಡಿಸುವ ನನಗೆ ಗೊತ್ತಿದೆ, ಆ ನಾಲ್ಕು ನಿಮಿಷದಲ್ಲಿ ಇಟ್ಟುಕೊಳ್ಳುವಂಥ ಒಂದು ಶಾಟೂ ಇರಲಿಲ್ಲ. ಬಿಡುಗಡೆಯ ಸುದ್ದಿಯನ್ನು ಯಾವ ಪತ್ರಿಕೆಯೂ ಹಾಕಲಿಲ್ಲ. ಚರ್ಚಿನ ಸದಸ್ಯರ ಪಟ್ಟಿಯಲ್ಲೂ ನನ್ನ ಹೆಸರಿನ ಮೇಲಿನ ಗೆರೆ ಹಾಗೇ ಉಳಿಯಿತು, ಆ ಗೆರೆ ಎಳೆದವರು ಸಭೆಯ ಹಿರಿಯರಾದ ಸತ್ಯಪ್ಪನವರು, ಸ್ಕೇಲು ಇಟ್ಟು ಎಳೆದಿದ್ದರು, ಅಂದಿನಿಂದ ಪ್ರಭುಭೋಜನದ ಭಾನುವಾರ, ಯೇಸುವಿನ ನೆನಪಿಗೆ ಎಲ್ಲರಿಗೂ ಹಂಚುವ ರೊಟ್ಟಿಯ ತಟ್ಟೆ ಸಾಲಿನಲ್ಲಿ ಬರುತ್ತದೆ, ನನ್ನ ಮೊಣಕಾಲು ದಾಟಿ ಪಕ್ಕದವರಿಗೆ ಹೋಗುತ್ತದೆ. ತಪ್ಪಾತು ಅಂತ ಒಂದ ಮಾತ ಹೇಳೋ, ಮುಗೀತೈತಿ ಎಂದರು ಸತ್ಯಪ್ಪನವರೇ 2017ರಲ್ಲಿ, ಹೇಳಿದೆ, ಪಶ್ಚಾತ್ತಾಪ ಪಟ್ಟಿದ್ದೇನೆ ಎಂದೆ, ಆದರೂ ತಟ್ಟೆ ನಿಲ್ಲಲಿಲ್ಲ, ನಿಲ್ಲದಿದ್ದುದು ಸರಿಯೇ, ಏಕೆಂದರೆ ಅದು ಸುಳ್ಳು — ಸುರಜನನ್ನು ಪ್ರೀತಿಸಿದ್ದಕ್ಕೆ ನಾನು ದೇವರ ಎದುರು ಎಂದೂ ಪಶ್ಚಾತ್ತಾಪ ಪಡಲಿಲ್ಲ, ಪಟ್ಟೆ ಎಂದು ಹೇಳಿದ್ದಕ್ಕೆ ಮಾತ್ರ ಪಟ್ಟಿದ್ದೇನೆ. ಅದು ಸುಳ್ಳೆಂದು ನಾನೇ ಹೋಗಿ ಪಾಸ್ಟರಿಗೆ ಹೇಳಿದೆ, ಹೋದ ತಿಂಗಳು, ಅವರು ಕನ್ನಡಕ ಒರೆಸಿದರು, ಬರಬ್ಬನ ಪಾತ್ರಕ್ಕ ಯಾರೂ ಇಲ್ಲೋ ತಮ್ಮಾ, ನೀ ಮಾಡ್ತೀ ಏನು ಅಂದರು, ಜನ ನಿನ್ನ ಬಿಡ್ರಿ ಅಂತ ಒದರಿದರ ಭಾನುವಾರದ ಭೋಜನದ ಮಾತು ನಾ ಹಿರಿಯರ ಮುಂದ ಎತ್ತತೀನಿ, ಸುಮ್ನ ಕುಂತರ ನನ್ನ ಕೈಯಾಗ ಏನೂ ಇಲ್ಲ.

ನಮ್ಮಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದನಾಗಲು ಜನ ಸಿಗುತ್ತಾರೆ, ಬರಬ್ಬನಾಗಲು ಸಿಗುವುದಿಲ್ಲ. ಕೊಲೆಗಾರ, ರೋಮಿನ ಅಧಿಕಾರಿ ಪಿಲಾತ ಕೇಳಿದಾಗ ಜನ ಯೇಸುವಿನ ಬದಲು ಬಿಡಿಸಿಕೊಂಡ ಕೈದಿ, ಮೇಲೆ ಶಿಕ್ಷೆ ತಪ್ಪಿಸಿಕೊಂಡವನು, ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದವರು ಒಲ್ಲೆ ಅನ್ನುತ್ತಾರೆ, ಹಾಗಾಗಿ ಹನ್ನೊಂದು ವರ್ಷ ಆ ಪಾತ್ರ ಭೋಜ ಊರಿನ ಕುರಿಗಾರ ಮಲಕಾರಿಯದು, ಚರ್ಚಿಗೆ ಸಂಬಂಧವೇ ಇಲ್ಲದವನು, ಮೀಸೆ ಇದೆ ಎಂದು ಕರೆದಿದ್ದರು. ಅವನ ಹೆಂಡತಿ ತುಳಸವ್ವ ಪ್ರತಿ ವರ್ಷ ಮುಂದೆ ಬಂದು ಕೂರುತ್ತಾಳೆ, ಯಾರನ್ನು ಬಿಡಲಿ ಎಂದು ಪಿಲಾತ ಕೇಳಿದ ಕೂಡಲೇ, ಬರಬ್ಬ ಯಾರೋ ನನಗ ಗೊತ್ತಿಲ್ರಿ, ನಮ್ಮನಿಯವರ್ನ ಬಿಡ್ರಿ, ಕುರಿ ಅಡವ್ಯಾಗ ಅದಾವ ಎಂದು ಒದರುತ್ತಾಳೆ, ಊರ ಸಣ್ಣಾಟ ನೋಡಿ ಬೆಳೆದವಳು, ಅಲ್ಲಿ ನೋಡುವವರೂ ಆಟದೊಳಗೇ ಇರುತ್ತಾರೆ. ಈ ಸಲ ಮಲಕಾರಿಯ ಮೊಣಕಾಲು ಹಿಡಿದಿದೆ. ಸುರಜ ವೇದಿಕೆಯ ಎಡಕ್ಕೆ ಆಂಪ್ಲಿಫೈಯರ್ ಹತ್ತಿರ ನಿಂತಿದ್ದಾನೆ, ಬೌದ್ಧರ ಮನೆಯವನು, ನಿಮ್ಮ ದೇವರ ಮುಂದ ನೀ ಕೈದಿ, ನಾ ಮೈಕಿನವ, ಛಂದ ಜೋಡಿ ಅಂದಿದ್ದ ಬೆಳಿಗ್ಗೆ. ಚಿಕ್ಕವನಿದ್ದಾಗ ಇದೇ ಅಂಗಳದಲ್ಲಿ ಬಿಳಿ ಚಾದರ ಕಟ್ಟಿ ಯೇಸುವಿನ ಸಿನಿಮಾ ತೋರಿಸಿದ್ದರು, ಬರಬ್ಬನ ಬೇಡಿ ಬಿಚ್ಚಿದರು, ಅವನು ಗುಂಪಿನೊಳಗೆ ಹೋದ, ಕ್ಯಾಮರಾ ಅವನ ಹಿಂದೆ ಹೋಗಲಿಲ್ಲ, ಅವ್ವಾ ಅಂವ ಎಲ್ಲಿ ಹ್ವಾದ ಎಂದು ಕೇಳಿದ್ದೆ, ಬೀಡಿ ಎಲೆ ಕತ್ತರಿಸಿ ಕತ್ತರಿಸಿ ಒರಟಾದ ಕೈಯಿಂದ ಅವ್ವ ನನ್ನ ಬಾಯಿ ಮುಚ್ಚಿದ್ದಳು. ಈಗ ಅನ್ನಿಸುತ್ತದೆ, ನಮಗಾಗಿ ಸತ್ತನು ಎಂದು ಸಭೆಯೆಲ್ಲ ಹಾಡುತ್ತದೆ, ಆದರೆ ಹೆಸರು ಹಿಡಿದು, ತಾರೀಖು ಹಿಡಿದು, ಕೋರ್ಟಿನ ದಾಖಲೆಯಂತೆ ನನ್ನ ಬದಲಿಗೆ ಸತ್ತನು ಎಂದು ಹೇಳಬಲ್ಲವನು ಬರಬ್ಬನೊಬ್ಬನೇ. ಯಾವ ಹಿರಿಯರೂ ಅವನಿಂದ ಮೊದಲು ಪಶ್ಚಾತ್ತಾಪ ಬರೆಸಿಕೊಳ್ಳಲಿಲ್ಲ. ಮೊದಲು ಬಿಟ್ಟರು. ಪರದೆ ಸರಿಯಿತು.

ಬಿಸಿಲು ಕಣ್ಣಿಗೆ ಹೊಡೆಯಿತು, ಆಮೇಲೆ ಮುಖಗಳು, ಯಾವ ಮುಖವೂ ನನ್ನನ್ನು ನೋಡುತ್ತಿಲ್ಲ, ಎಲ್ಲರೂ ಆಚೆ ಮುಳ್ಳಿನ ಕಿರೀಟದಲ್ಲಿ ನಿಂತ ಯೇಸುವನ್ನೇ ನೋಡುತ್ತಿದ್ದಾರೆ, ನಡುವೆ ಕೆಂಪು ಶಾಲಿನ ಪಿಲಾತ, ಇಪ್ಪತ್ತು ವರ್ಷದಿಂದ ಪಿಲಾತ ಸತ್ಯಪ್ಪನವರೇ, ಕೊರಳಿಗೆ ಮೈಕು — ಇಬ್ಬರಲ್ಲಿ ಯಾರನ್ನು ನಿಮಗೆ ಬಿಟ್ಟುಕೊಡಲಿ? ಬೇರೆ ವರ್ಷ ಈ ಹೊತ್ತಿಗೆ ಅಂಗಳ ಕಿತ್ತುಹೋಗುವಂತೆ ಕೂಗುತ್ತಾರೆ. ಈಗ ಕುರ್ಚಿಯೊಂದು ಕಿರ್ ಎಂದಿತು, ಅಷ್ಟೇ. ಎಣಿಸಿದೆ, ಒಂದು, ಎರಡು, ಮೂರು, ಯಾರೋ ಕೆಮ್ಮಿದರು, ಆರು, ಏಳು, ಜನ ಪಾಠ ಮರೆತಿಲ್ಲ, ಬೇಕೆಂದೇ ಸುಮ್ಮನಿದ್ದಾರೆ, ಹನ್ನೊಂದು, ಆಗ ಮುಂದಿನ ಸಾಲಿನಿಂದ ತುಳಸವ್ವ ಎದ್ದಳು, ಯಾಕ್ರೆವ್ವಾ ಎಲ್ಲಾರೂ ಸತ್ತಾಂಗ ಕುಂತೀರಿ, ಬಾಯಾಗ ಏನ ಇಟಗೊಂಡೀರಿ, ನಮ್ಮ ದ್ರೌಪದಿ ಮಗನ್ನ ಬಿಡ್ರಿ, ಏ ಸಾಹೇಬ, ವಿಶ್ವಾಸನ್ನ ಬಿಡ್ರಿ! ನಕ್ಕರು, ಹಿಂದಿನ ಸಾಲಿನ ಹೆಂಗಸರು ನಕ್ಕರು, ನನ್ನ ಹೆಸರು, ಎಂಟು ವರ್ಷ ಐದು ತಿಂಗಳ ಮೇಲೆ ಈ ಅಂಗಳದಲ್ಲಿ ನನ್ನ ಹೆಸರು, ಸತ್ಯಪ್ಪನವರು ತಬ್ಬಿಬ್ಬಾದರು, ಕೈಯಲ್ಲಿನ ಚೀಟಿ ನೋಡಿದರು, ಕನ್ನಡಕವಿಲ್ಲ, ಪಿಲಾತನಿಗೆ ಕನ್ನಡಕ ಎಲ್ಲಿಂದ ಬರಬೇಕು, ಬಾಯಿಗೆ ಬಂದ ಮುಂದಿನ ಸಾಲನ್ನು ಹೇಳಿಬಿಟ್ಟರು, ಯೇಸುವಿನ ಕಡೆ ಕೈ ಮಾಡಿ ಹೇಳಬೇಕಾದ ಮಾತು, ನನ್ನ ಕಡೆ ತಿರುಗಿ, ಮೈಕಿನಲ್ಲಿ, ರಸ್ತೆಯವರೆಗೆ ಕೇಳುವಂತೆ — ಇವನು ಏನು ತಪ್ಪು ಮಾಡಿದ್ದಾನೆ? ಹೇಳಿದ ಮೇಲೆ ಅವರಿಗೇ ತಿಳಿಯಿತು, ಕೈ ಗಾಳಿಯಲ್ಲೇ ನಿಂತಿತು. ಈ ಪ್ರಶ್ನೆಯನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಗೆರೆ ಎಳೆದಿದ್ದರು, ಕೇಳಿರಲಿಲ್ಲ. ಮೂರನೆಯ ಸಾಲಿನಲ್ಲಿ ಅವ್ವ ಎದ್ದು ನಿಂತಳು, ಸೆರಗು ಸರಿಮಾಡಿಕೊಂಡಳು, ಅವಸರವಿಲ್ಲದೆ, ಏನೂ ಮಾಡಿಲ್ರಿ ಅಂದಳು. ಮತ್ತೊಮ್ಮೆ, ಜೋರಾಗಿ, ನನ್ನ ಮಗ ಏನೂ ತಪ್ಪ ಮಾಡಿಲ್ರಿ ಸತ್ಯಪ್ಪಣ್ಣ, ನಿಮಗೂ ಗೊತ್ತೈತಿ. ಆಮೇಲೆ ಯಾರು ಮೊದಲು ಕೂಗಿದರು ಎಂದು ಖಚಿತವಾಗಿ ಹೇಳಲಾರೆ, ಬಹುಶಃ ಚರ್ಚಿನ ಹಾಡಿನ ತಂಡದ ನೀಲಮ, ಬಿಡ್ರಿ ಅನ್ನುವವರು ಬಿಡ್ರಿ ಎಂದರು, ಮರಾಠಿ ಮನೆಗಳವರು ತಮ್ಮ ಮಾತಿನಲ್ಲಿ ಅದನ್ನೇ, ಸೋಡಾ, ತ್ಯಾಲಾ ಸೋಡಾ ಎಂದರು, ಮೊದಲು ಹತ್ತು ದನಿ, ಆಮೇಲೆ ಐವತ್ತು, ಎಲ್ಲರೂ ಅಲ್ಲ, ಬಲಗಡೆಯ ಎರಡು ಸಾಲು ಎದ್ದು ಹೊರಗೆ ಹೋದದ್ದನ್ನೂ ಕಂಡೆ, ಹೋಗಲಿ, ಬಿಡ್ರಿ, ಸೋಡಾ, ಬರಬ್ಬ ಎಂದು ಒಬ್ಬರೂ ಅನ್ನಲಿಲ್ಲ, ವಿಶ್ವಾಸ ವಿಶ್ವಾಸ ಎಂದು ತಗಡಿನ ಚಪ್ಪರ ನಡುಗಿತು, ಎದೆ ಎಷ್ಟು ಅಗಲವಾಯಿತೆಂದರೆ ಹಗ್ಗ ಬಿಗಿಯಿತು, ನಿಜವಾಗಿಯೂ ಬಿಗಿಯಿತು, ಕುನಾಲ ಗಂಟು ಬಿಚ್ಚಲು ಹೆಣಗಿ, ಅಣ್ಣಾ ನೈಲಾನು ಬರವಲ್ದು ಅಂದ, ಅಷ್ಟರಲ್ಲಿ ಸುರಜ ವೈರ್ ಕತ್ತರಿಸುವ ಇಕ್ಕಳ ಹಿಡಿದು ವೇದಿಕೆ ಹತ್ತಿದ, ಇಡೀ ಸಭೆಯ ಎದುರಿಗೆ, ಲೇ, ರೋಮಿನ ಲೈನ್‌ಮನ್ ಬಂದಾ ನೋಡ್ರಿ ಎಂದು ಮಲಕಾರಿ ಕುರ್ಚಿಯಿಂದಲೇ ಒದರಿದ, ಸುರಜ ಎರಡು ಸಲ ಒತ್ತಿದ, ಹಗ್ಗ ಬಿತ್ತು. ಎಡಕ್ಕೆ ಓಡಿ ಮರೆಯಾಗಬೇಕೆಂದು ಪಾಠದಲ್ಲಿ ಬರೆದಿತ್ತು. ನಾನು ಮೆಟ್ಟಿಲಿಳಿದು ಜನರ ನಡುವೆ ಹೋಗಿ ಅವ್ವನ ಪಕ್ಕ ಕುಳಿತೆ, ಸುರಜ ನನ್ನ ಪಕ್ಕ ಕುಳಿತ, ಮೇಲೆ ಯೇಸು ಒಬ್ಬನೇ ನಿಂತಿದ್ದ, ನಾಟಕ ಮುಂದುವರಿಯಿತು, ಪಿಲಾತ ಕೈ ತೊಳೆದುಕೊಳ್ಳುವಾಗ ನೀರೆಲ್ಲ ಶಾಲಿನ ಮೇಲೆ ಚೆಲ್ಲಿತು. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಸತ್ಯಪ್ಪನವರು ರೊಟ್ಟಿಯ ತಟ್ಟೆ ಹಿಡಿದು ನಮ್ಮ ಸಾಲಿಗೆ ಬಂದರು, ನನ್ನ ಎದುರು ನಿಂತರು, ನಾನು ಒಂದು ಚೂರು ತೆಗೆದುಕೊಂಡೆ.