ಕೆಂಪಿಯ ತತ್ತಿ

ಸಾಬಮ್ಮ ಸದ್ದು ಮಾಡದೆ ಕೋಳಿಬುಟ್ಟಿ ಎತ್ತಿದಳು. ಹೊಲಸಾದ ಹುಲ್ಲು ಬಳಿದು ಹೊಸದು ಹಾಸಿ, ಸೆರಗಿನ ಗಂಟಿನಿಂದ ಒಂದು ತತ್ತಿ ತೆಗೆದು ನಡುವೆ ಇಟ್ಟಳು. ಕೆಂಪಿ ಕತ್ತು ಓರೆ ಮಾಡಿ ತತ್ತಿಯನ್ನು ನೋಡಿತು. ನನಗೂ ಇದಕ್ಕೂ ಏನು ಸಂಬಂಧ ಎನ್ನುವ ಹಾಗೆ ಗೋಡೆ ಹತ್ತಿತು.

ಸಂಬಂಧ ಇರಲಿಲ್ಲ, ನಿಜ. ಕೆಂಪಿ ಹುಂಜ.

ದೀಪಾವಳಿಗೆ ಒಡೆದ ಮರಿಗಳಲ್ಲಿ ಮೂರು ಉಳಿದಿದ್ದವು. ಎರಡು ಹುಂಜಗಳು ಬೆಳೆದು ಕೂಗಿದ ವಾರವೇ ಸಾರಾದವು. ಸುಲೇಪೇಟದ ಆ ಮನೆಯಲ್ಲಿ ತತ್ತಿಗೆ ಬಂದ ಹ್ಯಾಟಿಯನ್ನು, ಅಂದರೆ ಹೆಣ್ಣು ಕೋಳಿಯನ್ನು ಮಾತ್ರ ಕೊಯ್ಯುವಂತಿರಲಿಲ್ಲ. ಅದು ಅಜ್ಜಿ ಮಾಣಿಕಮ್ಮನ ಕಟ್ಟಪ್ಪಣೆ. ಮೂರನೆಯದನ್ನು ಸಾಬಮ್ಮ ಹದ್ದಿನ ಬಾಯಿಂದ ಬಿಡಿಸಿ, ಅಂಗೈಯಲ್ಲಿ ನುಚ್ಚು ತಿನ್ನಿಸಿ ಸಾಕಿದ್ದಳು. ಯಾರೂ ಕೊಯ್ಯದಿರಲೆಂದು ಅದಕ್ಕೆ ಹೆಣ್ಣು ಹೆಸರಿಟ್ಟಳು. ಬಾಲದಲ್ಲಿ ಉದ್ದನೆಯ ಗರಿ ಮೂಡಿದಾಗಲೆಲ್ಲ ಕತ್ತರಿ ಆಡಿಸಿದಳು. ಪಕ್ಕದ ಮನೆಯ ಚಾಂದಬೀಗೆ ದಿನಾ ಎರಡು ಕೊಡ ನೀರು ಹಾಕಿ ಒಂದು ತತ್ತಿ ಇಸಿದುಕೊಂಡಳು.

ಜುಟ್ಟು ಕೆಂಪಾದಾಗ ಗುಟ್ಟು ಬಯಲಾಯಿತೆಂದೇ ಅವಳು ಅಂದುಕೊಂಡಳು. ಕಣ್ಣು ಮಂಜಾದ ಅಜ್ಜಿಯೇ ಕಾಪಾಡಿದಳು.

"ಹ್ಯಾಟಿ ತತ್ತಿಗಿ ಬಂದ್ರ ಜುಟ್ಟು ಕೆಂಪಾಗ್ತದ. ಒಂದ್ ದಿನಾನೂ ಬಿಡಲ್ದಂಗ ಇಡ್ಲಿಕತ್ತದ ನೋಡು! ಇಂಥಾ ಕೋಳಿ ನನ್ನ ತವರಿನ್ಯಾಗೂ ಇದ್ದಿಲ್ಲ."

ಕೆಂಪಿ ಕೂಗು ಕಲಿಯತೊಡಗಿದ ಮೇಲೆ ಸಾಬಮ್ಮನಿಗೆ ಕೆಮ್ಮು ಹತ್ತಿತು. ಅದು ಗಂಟಲು ಸರಿಮಾಡಿಕೊಂಡರೆ ಇವಳು ಕೆಮ್ಮುವಳು. ಅವ್ವ ಹಣಮಮ್ಮ ಎಂಟು ದಿನ ಅರಿಷಿಣದ ಹಾಲು ಕುಡಿಸಿದಳು. ಹಾಲಿಗೆ ಬಗ್ಗುವ ಕೆಮ್ಮು ಅದಲ್ಲ.

ಯುಗಾದಿ ಕಳೆದ ಭಾನುವಾರ ಅಕ್ಕನ ಗಂಡ ಪೀರಪ್ಪ ಹೆಗಲಿಗೆ ಟ್ರಾನ್ಸಿಸ್ಟರ್ ಹಾಕಿಕೊಂಡು ವಾಡಿಯಿಂದ ಬಂದ. ಅವ್ವ ಮಸಾಲಿ ಅರೆಯಲು ಕೂತಳು. ಚಾಂದಬೀಯ ಹುಂಜ ಕೇಳಿ ತರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಕೆಂಪಿ ಗೋಡೆಯ ಮೇಲೆ ನಿಂತು, ರೆಕ್ಕೆ ಬಡಿದು, ಓಣಿಯೆಲ್ಲ ಕೇಳುವಂತೆ ಕೂಗಿತು. ಸಾಬಮ್ಮ ಕೆಮ್ಮಿದಳು. ಸಾಲಲಿಲ್ಲ.

"ಅಯ್ಯ ನನ ಶಿವನ, ಹ್ಯಾಟಿ ಕೂಗ್ತು!" ಅಜ್ಜಿ ಎದೆ ಬಡಿದುಕೊಂಡಳು. "ಹೆಣ್ಣು ಕೋಳಿ ಕೂಗಿದ್ರ ಮನಿಗಿ ಕೇಡು. ಈಗಿಂದೀಗ ಕೊಯ್ರಿ ಅದನ್ನ!"

"ಕೇಡಿನ ಕೋಳಿ ಅಳಿಯಗ ಉಣಸ್ತೀರೇನ್ರಿ ಅತ್ತಿ?" ಎಂದಳು ಅವ್ವ.

"ಮಸಾಲಿ ಖಾರ ಇರ್ಲಿ, ಎಂಥಾ ಕೇಡೂ ಅರಗಿಸ್ಕೋತೀನಿ," ಎಂದ ಪೀರಪ್ಪ, ಚಹಾ ಊದುತ್ತ.

ಸಾಬಮ್ಮ ಸೆರಗಿನ ತುದಿ ಹಿಂಡಿದಳು. ಕೇಡೆಂದು ಕೊಯ್ಯುತ್ತಿದ್ದಾರೆ, ನಿಜ ಹೇಳಿದರೆ ಕೆಂಪಿ ಉಳಿಯಬಹುದು ಎಂದು ಅವಳ ಲೆಕ್ಕ.

"ಕೇಡಿಲ್ಲಬೇ. ಅದು ಹುಂಜನ ಅದ."

"ಹುಂಜ ತತ್ತಿ ಇಡ್ತದೇನ ಹುಚ್ಚಿ?" ಎಂದಳು ಅಜ್ಜಿ.

"ಅದು ಇಟ್ಟಿಲ್ಲ. ದಿನಾ ತತ್ತಿ ನಾ ಇಟ್ಟೀನಿ."

ಪೀರಪ್ಪನ ಚಹಾ ಮೂಗಿನಿಂದ ಬಂತು. "ಕೇಳಿದ್ರೇನು? ತತ್ತಿ ಇಕಿ ಇಡ್ಲಿಕತ್ತಾಳಂತ! ಹಂಗಾರ ಇಕಿನ್ನ ಯಾರೂ ಕೊಯ್ಯೋ ಹಂಗಿಲ್ಲ!"

ಅವ್ವ ನಗುತ್ತ ಗುಂಡುಕಲ್ಲು ಬಿಟ್ಟು ಕಣ್ಣೊರೆಸಿಕೊಂಡಳು. ಕೈಯ ಖಾರ ಕಣ್ಣಿಗೆ ಹತ್ತಿ ಇನ್ನಷ್ಟು ನೀರು ಬಂತು. ನಗು ಇಳಿದ ಮೇಲೆ ಅಜ್ಜಿ ಉಸ್ಸೆಂದಳು.

"ಹುಂಜ ಆದ್ರ ಕೇಡಿಲ್ಲ ಬಿಡು. ಚಾಂದಬೀ ಮನಿಗಿ ಹೋಗೋದೂ ತಪ್ತು."

ಎಲ್ಲರೂ ಗೋಡೆ ಕಡೆ ನೋಡಿದರು. ಸಾಬಮ್ಮ ಓಡಿ ಕೆಂಪಿಯನ್ನು ಸೆರಗಿನೊಳಗೆ ಅವುಚಿಕೊಂಡಳು. ಸೆರಗಿನೊಳಗಿಂದಲೇ ಅದು ಇನ್ನೊಮ್ಮೆ ಕೂಗಿತು.

"ಅವ್ವಾ, ಕೋಳಿ ಬ್ಯಾಡ, ಬದ್ನಿಕಾಯಿ ನಾ ಹೆಚ್ಚಿ ಕೊಡ್ತೀನಿ. ಇದನ್ನ ಬಿಟ್ಟುಬಿಡು."

ಅವ್ವ ಅದೇ ಕೋಳಿ ಮಸಾಲಿಗೆ ನೀರು ಚಿಮುಕಿಸಿ, ಮತ್ತೆ ಅರೆಯತೊಡಗಿದಳು.